ಕಸ್ಟಮ್ ಇನ್‌ಸ್ಟಾಲ್ ಡಿಸ್ಕ್ ಕೈಕೊಟ್ಟಾಗ: ತಪ್ಪು ಎಲ್ಲಿದೆ ಅಂತ ಹುಡುಕುವ ದಾರಿ

ನೀವೇ ಕೂತು ತಯಾರಿಸಿದ ವಿಂಡೋಸ್ ಅಥವಾ ಲಿನಕ್ಸ್ ಇನ್‌ಸ್ಟಾಲ್ ಡಿಸ್ಕ್. ಬೇಕಾದ ಡ್ರೈವರ್ ಸೇರಿಸಿದ್ದೀರಿ, ಬೇಡದ ಪ್ರೋಗ್ರಾಂಗಳನ್ನು ತೆಗೆದಿದ್ದೀರಿ, ಅಪ್‌ಡೇಟ್‌ಗಳನ್ನೂ ಒಳಗೇ ತುಂಬಿದ್ದೀರಿ. ಕಂಪ್ಯೂಟರ್‌ಗೆ ಹಾಕಿದರೆ ಬೂಟೇ ಆಗುವುದಿಲ್ಲ, ಇಲ್ಲವೇ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಮೊದಲಿಂದ ಇನ್ನೊಂದು ಐಎಸ್‌ಒ (ಇಡೀ ಡಿಸ್ಕ್‌ನ ಪ್ರತಿ ಇರುವ ಒಂದೇ ಫೈಲ್) ಕಟ್ಟುವುದು. ಅದಕ್ಕೆ ಆತುರಪಡಬೇಡಿ. ತಪ್ಪು ಎಲ್ಲಿದೆ ಅಂತ ಗೊತ್ತಿಲ್ಲದೆ ಮತ್ತೆ ಕಟ್ಟಿದರೆ ಅದೇ ತಪ್ಪು ಇನ್ನೊಂದು ಡಿಸ್ಕ್‌ಗೆ ಹೋಗುತ್ತದೆ, ಅಷ್ಟೇ.

ತಪ್ಪು ಇರಬಹುದಾದ ಜಾಗ ನಾಲ್ಕು. ಬರ್ನ್ ಆದ ಡಿಸ್ಕ್‌ನಲ್ಲೇ ಇರಬಹುದು. ಐಎಸ್‌ಒ ಕಟ್ಟಿದ ರೀತಿಯಲ್ಲಿರಬಹುದು. ಒಳಗೆ ನೀವು ಮಾಡಿದ ಬದಲಾವಣೆಯಲ್ಲಿರಬಹುದು. ಇಲ್ಲವೇ ಇನ್‌ಸ್ಟಾಲ್ ಮಾಡಿಸಿಕೊಳ್ಳುತ್ತಿರುವ ಕಂಪ್ಯೂಟರ್‌ನಲ್ಲಿರಬಹುದು. ತಲೆನೋವು ಏನೆಂದರೆ ಈ ನಾಲ್ಕೂ ಪರದೆಯ ಮೇಲೆ ಒಂದೇ ಥರ ಕಾಣಿಸಬಹುದು. ಹಾಗಾಗಿ ಮೊದಲು ಯಾವ ಜಾಗ ಅನ್ನೋದನ್ನು ಖಚಿತ ಮಾಡಿಕೊಳ್ಳಬೇಕು, ರಿಪೇರಿ ಆಮೇಲೆ.

ಮೊದಲು ಎರಡು ಪರೀಕ್ಷೆ

ಒಂದನೆಯದು: ನಿಮ್ಮ ಐಎಸ್‌ಒ ಫೈಲನ್ನು ಬರ್ನ್ ಮಾಡದೆ ನೇರವಾಗಿ ವರ್ಚುವಲ್ ಮಷೀನ್‌ನಲ್ಲಿ (ಕಂಪ್ಯೂಟರ್ ಒಳಗೆ ಪ್ರೋಗ್ರಾಂ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಬೂಟ್ ಮಾಡಿ ನೋಡಿ. ವರ್ಚುವಲ್‌ಬಾಕ್ಸ್ ಆಗಬಹುದು, ಕ್ಯೂಇಎಂಯು ಆಗಬಹುದು. ಎರಡು ಸಲ ಮಾಡಿ, ಒಮ್ಮೆ ಹಳೆಯ ಬಯಾಸ್ ಮೋಡ್‌ನಲ್ಲಿ, ಒಮ್ಮೆ ಯುಇಎಫ್‌ಐ ಮೋಡ್‌ನಲ್ಲಿ. ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಫರ್ಮ್‌ವೇರ್‌ನ ಹಳೆಯ ಮತ್ತು ಹೊಸ ಬಗೆ ಇವು. ವರ್ಚುವಲ್‌ಬಾಕ್ಸ್‌ನ ಸಿಸ್ಟಮ್ ಸೆಟ್ಟಿಂಗ್‌ನಲ್ಲಿ ಇಎಫ್‌ಐ ಆನ್ ಮಾಡುವ ಆಯ್ಕೆ ಇದೆ. ಕ್ಯೂಇಎಂಯುಗೆ ಓವಿಎಂಎಫ್ ಎಂಬ ಯುಇಎಫ್‌ಐ ಫರ್ಮ್‌ವೇರ್ ಕೊಡಬೇಕು.

ಎರಡನೆಯದು: ಕೈ ಹಾಕದ ಮೂಲ ಐಎಸ್‌ಒವನ್ನು ಅದೇ ಡಬ್ಬದ ಇನ್ನೊಂದು ಖಾಲಿ ಡಿಸ್ಕ್‌ಗೆ ಬರ್ನ್ ಮಾಡಿ, ತೊಂದರೆ ಕೊಡುತ್ತಿರುವ ಅದೇ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ.

ವರ್ಚುವಲ್ ಮಷೀನ್‌ನಲ್ಲೇ ನಿಮ್ಮ ಐಎಸ್‌ಒ ಬಿದ್ದರೆ ಇನ್ನು ಡಿಸ್ಕ್ ಬರ್ನ್ ಮಾಡುವುದು ದಂಡ. ತಪ್ಪು ಐಎಸ್‌ಒ ಒಳಗೇ ಇದೆ. ವರ್ಚುವಲ್ ಮಷೀನ್‌ನಲ್ಲಿ ಓಡಿ, ಮೂಲ ಡಿಸ್ಕೇ ನಿಜವಾದ ಕಂಪ್ಯೂಟರ್‌ನಲ್ಲಿ ಬಿದ್ದರೆ ನಿಮ್ಮ ಬದಲಾವಣೆಗಳನ್ನು ಸದ್ಯಕ್ಕೆ ಮರೆತುಬಿಡಿ. ಡ್ರೈವ್, ಖಾಲಿ ಡಿಸ್ಕ್‌ನ ಗುಣಮಟ್ಟ, ಕಂಪ್ಯೂಟರ್‌ನ ಸೆಟ್ಟಿಂಗ್ ನೋಡಿ. ಎರಡೂ ಪಾಸಾಗಿ ನಿಮ್ಮ ಡಿಸ್ಕ್ ಮಾತ್ರ ಕೈಕೊಟ್ಟರೆ ಒಂದೋ ಆ ಬರ್ನ್ ಕೆಟ್ಟಿದೆ, ಇಲ್ಲವೇ ಆ ಕಂಪ್ಯೂಟರ್‌ಗೆ ಬೇಕಾದ ಯಾವುದೋ ಡ್ರೈವರನ್ನು ನೀವು ತೆಗೆದಿದ್ದೀರಿ. ವರ್ಚುವಲ್ ಮಷೀನ್ ತೋರಿಸುವ ಹಾರ್ಡ್‌ವೇರ್ ಹಳೆಯದು, ಎಲ್ಲ ಸಿಸ್ಟಮ್‌ಗೂ ಪರಿಚಯ ಇರುವಂಥದ್ದು. ಅಲ್ಲಿ ಓಡಿತು ಅಂದಮಾತ್ರಕ್ಕೆ ಎಲ್ಲ ಕಡೆ ಓಡುತ್ತದೆ ಅಂತ ಅಲ್ಲ.

ಡಿಸ್ಕ್ ಮೇಲೆ ಅನುಮಾನ ಬಂದರೆ

ಕೆಲಸ ಮಾಡುವ ಬೇರೆ ಕಂಪ್ಯೂಟರ್‌ನಲ್ಲಿ ಡಿಸ್ಕ್ ತೆರೆದು ನೋಡಿ. ಒಳಗೆ ಫೋಲ್ಡರ್‌ಗಳ ಬದಲು ಒಂದೇ ಒಂದು ದೊಡ್ಡ ಐಎಸ್‌ಒ ಫೈಲ್ ಕಾಣಿಸಿದರೆ ವಿಷಯ ಅಲ್ಲಿಗೇ ಮುಗಿಯಿತು. ಐಎಸ್‌ಒವನ್ನು ಇಮೇಜ್ ಆಗಿ ಬರ್ನ್ ಮಾಡುವ ಬದಲು ಸಾಮಾನ್ಯ ಫೈಲ್ ಥರ ಕಾಪಿ ಮಾಡಲಾಗಿದೆ. ನಗು ಬರಬಹುದು, ಆದರೆ ಇದು ತುಂಬಾ ಸಾಮಾನ್ಯ.

ಅಳತೆಯ ಲೆಕ್ಕವೂ ಕಾಡುತ್ತದೆ. ಒಂದು ಪದರದ ಡಿವಿಡಿ ಮೇಲೆ 4.7 ಜಿಬಿ ಅಂತ ಬರೆದಿರುತ್ತದೆ. ಅದು ಸಾವಿರದ ಲೆಕ್ಕ. ವಿಂಡೋಸ್ ತೋರಿಸುವ 1024ರ ಲೆಕ್ಕದಲ್ಲಿ ಅದು ಸುಮಾರು 4.38 ಜಿಬಿ ಮಾತ್ರ. ಡಿವಿಡಿ-ಆರ್ ಮತ್ತು ಡಿವಿಡಿ+ಆರ್ ನಡುವೆಯೂ ಚೂರು ವ್ಯತ್ಯಾಸ ಇದೆ. ಮೊದಲನೆಯದು ಸುಮಾರು 470 ಕೋಟಿ 73 ಲಕ್ಷ ಬೈಟ್ ಹಿಡಿಯುತ್ತದೆ, ಎರಡನೆಯದು ಸುಮಾರು 470 ಕೋಟಿ 3 ಲಕ್ಷ. ಅಂಚಿನಲ್ಲಿರುವ ಐಎಸ್‌ಒ ಒಂದರಲ್ಲಿ ಹಿಡಿದು ಇನ್ನೊಂದರಲ್ಲಿ ಹಿಡಿಯದೇ ಹೋಗಬಹುದು. ಅದಕ್ಕೂ ದೊಡ್ಡದಾದರೆ 8.5 ಜಿಬಿಯ ಎರಡು ಪದರದ ಡಿಸ್ಕ್ ಬೇಕು.

ಬರ್ನ್ ವೇಗದ ಬಗ್ಗೆ ‘ಆದಷ್ಟು ನಿಧಾನ’ ಅಂತ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. 16 ಎಕ್ಸ್ ವೇಗಕ್ಕೆ ತಯಾರಾದ ಡಿಸ್ಕನ್ನು ತೀರಾ ನಿಧಾನಕ್ಕಿಂತ ಮಧ್ಯದ ವೇಗದಲ್ಲಿ ಬರ್ನ್ ಮಾಡುವುದು ವಾಸಿ. ಪೂರ್ತಿ ವೇಗ ಮಾತ್ರ ಬೇಡ. ಅಳಿಸಿ ಬರೆಯುವ ಆರ್‌ಡಬ್ಲ್ಯೂ ಡಿಸ್ಕ್‌ಗಳು ಬೆಳಕನ್ನು ಕಡಿಮೆ ಪ್ರತಿಫಲಿಸುತ್ತವೆ. ಹಳೆಯ ಡ್ರೈವ್‌ಗಳು ಅವುಗಳನ್ನು ಓದಲು ಒದ್ದಾಡುತ್ತವೆ.

ಇನ್ನು ಚೆಕ್‌ಸಮ್ ಅಥವಾ ಹ್ಯಾಶ್, ಅಂದರೆ ಫೈಲ್‌ನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ. ಮೂಲ ಐಎಸ್‌ಒ ಡೌನ್‌ಲೋಡ್ ಆದ ಮೇಲೆ ಅದರ ಎಸ್‌ಎಚ್‌ಎ-256 ಹ್ಯಾಶನ್ನು ತಯಾರಕರು ಕೊಟ್ಟಿರುವುದರ ಜೊತೆ ಹೋಲಿಸಿಯೇ ಮುಂದುವರಿಯಬೇಕು. ಕೆಟ್ಟ ಮೂಲದ ಮೇಲೆ ಏನು ಕಟ್ಟಿದರೂ ಬೀಳುತ್ತದೆ. ನಿಮ್ಮ ಐಎಸ್‌ಒ ತಯಾರಾದ ತಕ್ಷಣ ಅದರ ಹ್ಯಾಶನ್ನೂ ಬರೆದಿಟ್ಟುಕೊಳ್ಳಿ, ಆಮೇಲೆ ಡಿಸ್ಕ್‌ನಿಂದ ವಾಪಸ್ ಓದಿ ಹೋಲಿಸಬಹುದು.

ಈ ವಾಪಸ್ ಓದುವ ಕೆಲಸದಲ್ಲಿ ಒಂದು ಕಿರಿಕಿರಿ ಇದೆ. ಲಿನಕ್ಸ್‌ನಲ್ಲಿ ಡಿಡಿ ಕಮಾಂಡ್ ಕೊಟ್ಟು ಇಡೀ ಡಿಸ್ಕನ್ನು ಓದಿಸಿದರೆ ಹ್ಯಾಶ್ ಹೊಂದದೇ ಇರಬಹುದು, ಕೊನೆಯಲ್ಲಿ ಓದುವ ದೋಷವೂ ಬರಬಹುದು. ಇದನ್ನು ನೋಡಿ ಚೆನ್ನಾಗಿರುವ ಡಿಸ್ಕನ್ನು ಎಸೆಯುವವರಿದ್ದಾರೆ. ನಿಜವಾದ ಕಾರಣ ಏನೆಂದರೆ ಬರ್ನ್ ಮಾಡುವಾಗ ಇಮೇಜ್‌ನ ಕೊನೆಗೆ ಒಂದಿಷ್ಟು ಖಾಲಿ ಸೆಕ್ಟರ್‌ಗಳು (ಡಿಸ್ಕ್ ಡೇಟಾ ಇಡುವ ಸಣ್ಣ ತುಂಡುಗಳು) ಸೇರಿಕೊಳ್ಳಬಹುದು. ಅವು ನಿಮ್ಮ ಐಎಸ್‌ಒದ ಭಾಗವಲ್ಲ. ಡೇಟಾ ಡಿಸ್ಕ್‌ನಲ್ಲಿ ಒಂದು ಸೆಕ್ಟರ್ 2048 ಬೈಟ್. ಐಎಸ್‌ಒ ಫೈಲ್‌ನ ಗಾತ್ರವನ್ನು 2048ರಿಂದ ಭಾಗಿಸಿ, ಬಂದಷ್ಟೇ ಸೆಕ್ಟರ್ ಓದಿಸಿ ಹ್ಯಾಶ್ ತೆಗೆಯಿರಿ. ಆಗ ಹೊಂದಿದರೆ ಡಿಸ್ಕ್ ಮೇಲಿನ ಅನುಮಾನ ಬಿಟ್ಟುಬಿಡಿ. ವಿಂಡೋಸ್‌ನಲ್ಲಾದರೆ ಬರ್ನ್ ಮಾಡುವ ಕಿಟಕಿಯಲ್ಲೇ ಬರ್ನ್ ಆದಮೇಲೆ ಪರೀಕ್ಷಿಸುವ ಟಿಕ್ ಬಾಕ್ಸ್ ಇದೆ, ಅದನ್ನು ಹಾಕಿದರೆ ಸಾಕು.

ಒಂದೇ ಫೈಲ್‌ನ ಹ್ಯಾಶ್ ಪ್ರತಿ ಸಲ ಬೇರೆ ಬೇರೆ ಬರುತ್ತಿದ್ದರೆ ಅದು ಡಿಸ್ಕ್ ವಿಷಯವೇ ಅಲ್ಲ. ರ‍್ಯಾಮ್ ಅಥವಾ ಕೇಬಲ್ ಕೆಟ್ಟಿದೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಹಾಕಿ ರಾತ್ರಿಯಿಡೀ ಓಡಲು ಬಿಡಿ.

ಬೂಟ್ ಆಗುವುದೇ ಇಲ್ಲ

ಡಿಸ್ಕ್‌ನಿಂದ ಬೂಟ್ ಮಾಡುವ ಪದ್ಧತಿಗೆ ಎಲ್ ಟೊರಿಟೊ ಅಂತ ಹೆಸರು. 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಸೇರಿ ರೂಪಿಸಿದ್ದು. ಸೊನ್ನೆಯಿಂದ ಎಣಿಸಿದರೆ ಡಿಸ್ಕ್‌ನ 17ನೇ ಸೆಕ್ಟರ್‌ನಲ್ಲಿ ಒಂದು ದಾಖಲೆ ಇರುತ್ತದೆ. ಬೂಟ್ ಪಟ್ಟಿ ಎಲ್ಲಿದೆ ಅಂತ ಅದು ಹೇಳುತ್ತದೆ. ಆ ಪಟ್ಟಿಯಲ್ಲಿ ಬಯಾಸ್‌ಗೆ ಒಂದು ನಮೂದು, ಯುಇಎಫ್‌ಐಗೆ ಇನ್ನೊಂದು ಇರಬೇಕು. ಐಎಸ್‌ಒ ಒಳಗಿನ ಫೈಲ್‌ಗಳನ್ನು ಒಂದು ಫೋಲ್ಡರ್‌ಗೆ ತೆಗೆದು, ಬದಲಾಯಿಸಿ, ಯಾವುದೋ ಸಾಮಾನ್ಯ ಪ್ರೋಗ್ರಾಂನಲ್ಲಿ ಮತ್ತೆ ಐಎಸ್‌ಒ ಮಾಡಿದರೆ ಫೈಲ್‌ಗಳೆಲ್ಲ ಇರುತ್ತವೆ, ಆದರೆ ಈ ದಾಖಲೆ ಇರುವುದಿಲ್ಲ. ಡಿಸ್ಕ್ ತೆರೆದು ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಬೂಟ್ ಮಾತ್ರ ಆಗುವುದಿಲ್ಲ.

ಇದನ್ನು ನೋಡಲು ಸುಲಭ ದಾರಿ ಇದೆ. 7-ಜಿಪ್‌ನಲ್ಲಿ ಐಎಸ್‌ಒ ತೆರೆಯಿರಿ. ಚೌಕ ಆವರಣದಲ್ಲಿ ‘ಬೂಟ್’ ಅಂತ ಹೆಸರಿರುವ ಒಂದು ಫೋಲ್ಡರ್ ಕಾಣಿಸಿದರೆ ಬೂಟ್ ದಾಖಲೆ ಇದೆ. ಕಾಣಿಸದಿದ್ದರೆ ಇಲ್ಲ. ಲಿನಕ್ಸ್‌ನಲ್ಲಿ ಎಕ್ಸ್‌ಒರಿಸೊ ಪ್ರೋಗ್ರಾಂ ಎಲ್ ಟೊರಿಟೊ ವರದಿಯನ್ನೇ ಕೊಡುತ್ತದೆ, ಬಯಾಸ್ ಮತ್ತು ಯುಇಎಫ್‌ಐ ಎರಡೂ ನಮೂದು ಇವೆಯೇ ಅಂತ ಅಲ್ಲಿ ನೋಡಬಹುದು. ಒಂದೇ ಇದ್ದರೆ ‘ಹಳೆಯ ಕಂಪ್ಯೂಟರ್‌ನಲ್ಲಿ ಬೂಟ್ ಆಗುತ್ತದೆ, ಹೊಸದರಲ್ಲಿ ಆಗಲ್ಲ’ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ವಿಂಡೋಸ್ ಡಿಸ್ಕ್ ಆದರೆ ಮೈಕ್ರೋಸಾಫ್ಟ್‌ನ ಓಎಸ್‌ಸಿಡಿಐಎಂಜಿ ಪ್ರೋಗ್ರಾಂಗೆ ಎರಡು ಬೂಟ್ ಫೈಲ್ ತೋರಿಸಬೇಕು. ಬಯಾಸ್‌ಗೆ ಬೂಟ್ ಫೋಲ್ಡರ್‌ನಲ್ಲಿರುವ ಇಟಿಎಫ್‌ಎಸ್‌ಬೂಟ್, ಯುಇಎಫ್‌ಐಗೆ ಇಎಫ್‌ಐಸಿಸ್. ಫೈಲ್ ಸಿಸ್ಟಮ್ ಯುಡಿಎಫ್ ಇರಲಿ, ಯಾಕೆಂದರೆ ಒಳಗಿನ ಫೈಲ್ 4 ಜಿಬಿ ದಾಟಬಹುದು. ವಿಂಡೋಸ್‌ನ ಮೂಲ ಐಎಸ್‌ಒವನ್ನು ಯುಡಿಎಫ್ ಗೊತ್ತಿಲ್ಲದ ಪ್ರೋಗ್ರಾಂನಲ್ಲಿ ತೆರೆದರೆ ಒಳಗೆ ಒಂದು ರೀಡ್‌ಮಿ ಫೈಲ್ ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಐಎಸ್‌ಒ ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ.

ಹಳೆಯ ಲಿನಕ್ಸ್ ಡಿಸ್ಕ್‌ಗಳಲ್ಲಿ ಐಸೊಲಿನಕ್ಸ್ ಎಂಬ ಬೂಟ್‌ಲೋಡರ್ (ಸಿಸ್ಟಮ್ ಶುರು ಮಾಡಿಸುವ ಪ್ರೋಗ್ರಾಂ) ಇರುತ್ತದೆ. ಐಎಸ್‌ಒ ಕಟ್ಟುವಾಗ ಅದಕ್ಕೆ ಎಮ್ಯುಲೇಷನ್ ಇಲ್ಲದ ಬೂಟ್, ಲೋಡ್ ಗಾತ್ರ 4, ಬೂಟ್ ಇನ್ಫೋ ಟೇಬಲ್, ಈ ಮೂರೂ ಆಯ್ಕೆ ಕೊಡಬೇಕು. ಇಮೇಜ್ ಚೆಕ್‌ಸಮ್ ತಪ್ಪಿದೆ ಅಂತ ಐಸೊಲಿನಕ್ಸ್ ಕ್ಷಮೆ ಕೇಳುತ್ತಾ ನಿಂತರೆ ಮೊದಲು ಆ ಟೇಬಲ್ ಆಯ್ಕೆ ಕೊಟ್ಟಿದ್ದೀರಾ ನೋಡಿ.

ಕೆಲವು ಸಲ ದೋಷವೇ ಇರುವುದಿಲ್ಲ. ‘ಯಾವುದಾದರೂ ಕೀ ಒತ್ತಿ’ ಅಂತ ಒಂದು ಸಾಲು ಬಂದು, ಯಾರೂ ಒತ್ತದಿದ್ದರೆ ಕಂಪ್ಯೂಟರ್ ಸುಮ್ನೆ ಹಾರ್ಡ್ ಡಿಸ್ಕ್‌ಗೆ ಹೋಗಿಬಿಡುತ್ತದೆ. ಪರದೆ ತಡವಾಗಿ ಬೆಳಗುವ ಮಾನಿಟರ್ ಇದ್ದರೆ ಆ ಸಾಲು ಕಣ್ಣಿಗೇ ಬೀಳುವುದಿಲ್ಲ.

ಸಹಿ ಇರುವ ಬೂಟ್ ಫೈಲ್‌ಗಳನ್ನು ಮಾತ್ರ ಓಡಲು ಬಿಡುವ ಸೆಕ್ಯೂರ್ ಬೂಟ್ ಕೂಡ ಇಲ್ಲೇ ಬರುತ್ತದೆ. ಅದನ್ನು ಸ್ವಲ್ಪ ಹೊತ್ತು ಆಫ್ ಮಾಡಿ ನೋಡಿ. ಆಗ ಬೂಟ್ ಆದರೆ ಸಹಿಯ ಸಮಸ್ಯೆ. ನೀವೇ ಕಂಪೈಲ್ ಮಾಡಿದ ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಸಹಿ ಇರುವುದಿಲ್ಲ, ಲಿನಕ್ಸ್ ಬೂಟ್‌ನ ಮೊದಲ ಕಾವಲುಗಾರನಾದ ಶಿಮ್ ಅದನ್ನು ಒಳಗೆ ಬಿಡುವುದಿಲ್ಲ. ಇನ್ನೊಂದು ಕಾರಣವೂ ಇದೆ. ಹಿಂದೆ ಸರಿಯಾಗಿದ್ದ ಬೂಟ್‌ಲೋಡರ್‌ಗಳಲ್ಲಿ ಭದ್ರತಾ ತೂತು ಸಿಕ್ಕಾಗ ಅವುಗಳನ್ನು ನಿಷೇಧಿಸುವ ಪಟ್ಟಿಗಳು ಬರುತ್ತವೆ. ಆಗಸ್ಟ್ 2024ರ ವಿಂಡೋಸ್ ಅಪ್‌ಡೇಟ್ ಬಂದಾಗ ಹೀಗೇ ಆಯಿತು. ಹಳೆಯ ಶಿಮ್ ಇದ್ದ ಲಿನಕ್ಸ್‌ಗಳು ಕೆಲವು ಕಂಪ್ಯೂಟರ್‌ಗಳಲ್ಲಿ ‘ಎಸ್‌ಬಿಎಟಿ’ (ಅಂಥದ್ದೇ ಒಂದು ನಿಷೇಧ ವ್ಯವಸ್ಥೆ) ಪರಿಶೀಲನೆ ವಿಫಲ ಅನ್ನುವ ಸಂದೇಶ ತೋರಿಸಿ ನಿಂತವು. ಹಿಂದೆ ಚೆನ್ನಾಗಿ ಓಡಿದ ನಿಮ್ಮ ಕಸ್ಟಮ್ ಡಿಸ್ಕ್ ಇವತ್ತು ಬೂಟ್ ಆಗುತ್ತಿಲ್ಲ ಅಂದರೆ ಇದನ್ನೂ ನೆನಪಿಡಿ. ಹೊಸ ಶಿಮ್ ಮತ್ತು ಗ್ರಬ್ ಬೂಟ್‌ಲೋಡರ್ ಇರುವ ಮೂಲ ಐಎಸ್‌ಒದಿಂದ ಮತ್ತೆ ಕಟ್ಟುವುದೇ ಸರಿಯಾದ ಪರಿಹಾರ. ಸೆಕ್ಯೂರ್ ಬೂಟನ್ನು ಖಾಯಂ ಆಗಿ ಆಫ್ ಇಡುವುದು ನನಗೆ ಇಷ್ಟವಿಲ್ಲ.

ಬೂಟ್ ಆಗಿ ಅರ್ಧಕ್ಕೆ ನಿಂತರೆ: ಲಿನಕ್ಸ್

ಇಲ್ಲಿ ಒಂದು ವಿಷಯ ಅರ್ಥವಾದರೆ ಅರ್ಧ ಕೆಲಸ ಮುಗಿದಂತೆ. ಬೂಟ್‌ಲೋಡರ್ ಡಿಸ್ಕನ್ನು ಓದುವುದು ಫರ್ಮ್‌ವೇರ್ ಸಹಾಯದಿಂದ. ಅದು ಕರ್ನಲ್ ಮತ್ತು ಇನಿಟ್‌ಆರ್‌ಡಿಯನ್ನು (ಆರಂಭಕ್ಕೆ ಬೇಕಾದ ಡ್ರೈವರ್‌ಗಳಿರುವ ಪುಟ್ಟ ಸಿಸ್ಟಮ್) ಮೆಮೊರಿಗೆ ತಂದು ಕೈಬಿಡುತ್ತದೆ. ಆಮೇಲೆ ಕರ್ನಲ್ ಅದೇ ಡಿಸ್ಕನ್ನು ತನ್ನದೇ ಡ್ರೈವರ್‌ನಿಂದ ಮತ್ತೆ ಹುಡುಕಿಕೊಳ್ಳಬೇಕು. ಓಟದಲ್ಲಿ ಕೋಲು ಕೈಯಿಂದ ಕೈಗೆ ದಾಟುವ ಜಾಗ ಇದ್ದಂತೆ ಇದು, ಬೀಳುವುದು ಇಲ್ಲೇ ಜಾಸ್ತಿ. ಮೆನು ಬಂತು, ಕರ್ನಲ್ ಸಾಲುಗಳು ಓಡಿದವು, ಆಮೇಲೆ ಡಿಸ್ಕ್ ಸಿಗಲಿಲ್ಲ ಅಂತ ಹೇಳಿತು ಅಂದರೆ ಡಿಸ್ಕ್ ಓದಲು ಬರುತ್ತಿದೆ ಅನ್ನೋದಂತೂ ಸಾಬೀತಾಯಿತು. ಗುರುತು ಹಿಡಿಯಲು ಆಗುತ್ತಿಲ್ಲ, ಅಷ್ಟೇ.

ಹೇಗೆ ಗುರುತು ಹಿಡಿಯುತ್ತದೆ? ಫೆಡೋರಾ ಬಳಗದ ಇನ್‌ಸ್ಟಾಲ್ ಡಿಸ್ಕ್‌ಗಳಲ್ಲಿ ವಾಲ್ಯೂಮ್ ಲೇಬಲ್‌ನಿಂದ, ಅಂದರೆ ಡಿಸ್ಕ್‌ಗೆ ಕೊಟ್ಟ ಹೆಸರಿನಿಂದ. ಬೂಟ್ ಮೆನುವಿನ ಸಾಲಿನಲ್ಲಿ ‘ಈ ಲೇಬಲ್ ಇರುವ ಡಿಸ್ಕ್ ಹುಡುಕು’ ಅಂತ ಬರೆದಿರುತ್ತದೆ. ನೀವು ಐಎಸ್‌ಒ ಮತ್ತೆ ಕಟ್ಟುವಾಗ ಲೇಬಲ್ ಬದಲಾದರೆ, ಅಥವಾ ಕೊಡಲು ಮರೆತರೆ, ಇನಿಟ್‌ಆರ್‌ಡಿ ಒಳಗಿನ ಡ್ರೇಕಟ್ ತುಂಬಾ ಹೊತ್ತು ಕಾದು ತುರ್ತು ಶೆಲ್‌ಗೆ (ಕಮಾಂಡ್ ಕೊಡುವ ಪರದೆ) ಬೀಳುತ್ತದೆ. ಲೇಬಲ್‌ನಲ್ಲಿ ಖಾಲಿ ಜಾಗ ಇದ್ದರೆ ಮೆನು ಸಾಲಿನಲ್ಲಿ ಅದನ್ನು ಬೇರೆ ಥರ ಬರೆಯಬೇಕು. ಜೊತೆಗೆ ಐಎಸ್‌ಒ ಲೇಬಲ್‌ಗೆ 32 ಅಕ್ಷರದ ಮಿತಿ ಇದೆ. ಹಾಗಾಗಿ ಚಿಕ್ಕದಾದ, ಖಾಲಿ ಜಾಗ ಇಲ್ಲದ ಲೇಬಲ್ ಇಟ್ಟುಕೊಳ್ಳುವುದೇ ಜಾಣತನ.

ಉಬುಂಟುವಿನಲ್ಲಿ ದಾರಿ ಬೇರೆ. ಇನಿಟ್‌ಆರ್‌ಡಿ ಒಳಗೆ ಒಂದು ಯುಯುಐಡಿ (ಗುರುತಿನ ಸಂಖ್ಯೆ) ಇರುತ್ತದೆ, ಡಿಸ್ಕ್‌ನ ‘.ಡಿಸ್ಕ್’ ಎಂಬ ಅಡಗಿದ ಫೋಲ್ಡರ್‌ನಲ್ಲೂ ಅದೇ ಇರಬೇಕು. ನೀವು ಇನಿಟ್‌ಆರ್‌ಡಿಯನ್ನು ಹೊಸದಾಗಿ ಮಾಡಿದರೆ ಯುಯುಐಡಿ ಬದಲಾಗಬಹುದು. ಆ ಫೈಲನ್ನು ಬದಲಾಯಿಸದಿದ್ದರೆ ‘ಲೈವ್ ಫೈಲ್ ಸಿಸ್ಟಮ್ ಇರುವ ಮಾಧ್ಯಮ ಸಿಗಲಿಲ್ಲ’ ಅನ್ನುತ್ತದೆ. ಅಡಗಿದ ಫೋಲ್ಡರ್ ಆದ್ದರಿಂದ ಕಾಪಿ ಮಾಡುವಾಗ ಅದೇ ಬಿಟ್ಟುಹೋಗುವುದೂ ಉಂಟು.

ಇವನ್ನೆಲ್ಲ ಪರೀಕ್ಷಿಸಲು ಮತ್ತೆ ಬರ್ನ್ ಮಾಡಬೇಕಾಗಿಲ್ಲ. ಗ್ರಬ್ ಮೆನುವಿನಲ್ಲಿ ಇ ಕೀ ಒತ್ತಿದರೆ ಬೂಟ್ ಸಾಲನ್ನು ಅಲ್ಲೇ ತಿದ್ದಬಹುದು. ಫೆಡೋರಾ ಆದರೆ ಲೇಬಲ್ ಸರಿಪಡಿಸಿ, ಉಬುಂಟು ಆದರೆ ‘ಇಗ್ನೋರ್_ಯುಯುಐಡಿ’ ಸೇರಿಸಿ, ಬೂಟ್ ಮಾಡಿ ನೋಡಿ. ಅಲ್ಲಿ ದಾಟಿದರೆ ಕಾರಣ ಸಿಕ್ಕಿತು. ತುರ್ತು ಶೆಲ್‌ಗೆ ಬಿದ್ದಿದ್ದರೆ ಬಿಎಲ್‌ಕೆಐಡಿ ಕಮಾಂಡ್ ಕೊಡಿ, ಪ್ರತಿ ಸಾಧನದ ನಿಜವಾದ ಲೇಬಲ್ ತೋರಿಸುತ್ತದೆ. ಡಿವಿಡಿ ಡ್ರೈವ್ ಆ ಪಟ್ಟಿಯಲ್ಲೇ ಇಲ್ಲ ಅಂದರೆ ಆಗ ಡ್ರೈವರ್ ವಿಷಯ.

ಡ್ರೈವರ್ ಕಾಣೆಯಾಗಲು ದೊಡ್ಡ ಕಾರಣ ಕರ್ನಲ್ ಹೊಂದಿಕೆ ತಪ್ಪುವುದು. ಸಿಎಚ್‌ರೂಟ್ ಕಮಾಂಡ್‌ನಿಂದ ಡಿಸ್ಕ್‌ಗೆ ಹೋಗುವ ಸಿಸ್ಟಮ್ ಒಳಗೆ ಹೋಗಿ ಅಪ್‌ಡೇಟ್ ಮಾಡಿದಾಗ ಹೊಸ ಕರ್ನಲ್ ಬರುತ್ತದೆ, ಹಳೆಯ ಮಾಡ್ಯೂಲ್‌ಗಳನ್ನು (ಕರ್ನಲ್ ಎತ್ತಿಕೊಳ್ಳುವ ಡ್ರೈವರ್ ಫೈಲ್‌ಗಳು) ತೆಗೆಯುತ್ತೀರಿ. ಆದರೆ ಉಬುಂಟು ಡಿಸ್ಕ್‌ನ ಕ್ಯಾಸ್ಪರ್ ಫೋಲ್ಡರ್‌ನಲ್ಲಿ ಇನ್ನೂ ಹಳೆಯ ಕರ್ನಲ್ ಫೈಲ್ ಇರುತ್ತದೆ. ಒಂದು ಆವೃತ್ತಿಯ ಕರ್ನಲ್ ಇನ್ನೊಂದರ ಮಾಡ್ಯೂಲ್ ಎತ್ತಿಕೊಳ್ಳುವುದಿಲ್ಲ. ಕರ್ನಲ್, ಇನಿಟ್‌ಆರ್‌ಡಿ, ಸ್ಕ್ವಾಶ್‌ಎಫ್‌ಎಸ್ (ಇಡೀ ಸಿಸ್ಟಮ್ ಒತ್ತಿ ಇಟ್ಟ ಫೈಲ್) ಒಳಗಿನ ಮಾಡ್ಯೂಲ್‌ಗಳು, ಮೂರೂ ಒಂದೇ ಆವೃತ್ತಿಯವೇ ಅಂತ ನೋಡಿ.

ಬೂಟ್ ಆಗಿ ಅರ್ಧಕ್ಕೆ ನಿಂತರೆ: ವಿಂಡೋಸ್

ವಿಂಡೋಸ್ ಡಿಸ್ಕ್‌ನ ಸೋರ್ಸಸ್ ಫೋಲ್ಡರ್‌ನಲ್ಲಿ ಎರಡು ಮುಖ್ಯ ಫೈಲ್ ಇವೆ. ಬೂಟ್.ವಿಮ್ ಅಂದರೆ ಸೆಟಪ್ ಓಡುವ ಚಿಕ್ಕ ಸಿಸ್ಟಮ್. ಇನ್‌ಸ್ಟಾಲ್.ವಿಮ್ ಅಂದರೆ ನಿಮ್ಮ ಹಾರ್ಡ್ ಡಿಸ್ಕ್‌ಗೆ ಇಳಿಯುವ ಅಸಲಿ ವಿಂಡೋಸ್. ಸ್ಟೋರೇಜ್ ಡ್ರೈವರನ್ನು ಎರಡನೆಯದಕ್ಕೆ ಮಾತ್ರ ಸೇರಿಸಿದರೆ ಸೆಟಪ್‌ಗೆ ಹಾರ್ಡ್ ಡಿಸ್ಕೇ ಕಾಣಿಸುವುದಿಲ್ಲ. ಮೊದಲನೆಯದಕ್ಕೆ ಮಾತ್ರ ಸೇರಿಸಿದರೆ ಇನ್‌ಸ್ಟಾಲ್ ಮುಗಿದು, ರೀಸ್ಟಾರ್ಟ್ ಆದಮೇಲೆ ನೀಲಿ ಪರದೆ ಬರಬಹುದು. ಎರಡಕ್ಕೂ ಸೇರಿಸಬೇಕು. ಬೂಟ್.ವಿಮ್ ಒಳಗೆ ಮತ್ತೆ ಎರಡು ಇಮೇಜ್ ಇರುತ್ತವೆ, ಸೆಟಪ್ ಓಡುವುದು ಎರಡನೆಯದರಲ್ಲಿ. ಇಂಟೆಲ್‌ನ ವಿಎಂಡಿ ಎಂಬ ಸ್ಟೋರೇಜ್ ಸೌಲಭ್ಯ ಆನ್ ಆಗಿರುವ ಲ್ಯಾಪ್‌ಟಾಪ್‌ಗಳಲ್ಲಿ ಈ ತೊಂದರೆ ಪದೇ ಪದೇ ಕಾಣುತ್ತದೆ.

ಸೆಟಪ್ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಮಾಂಡ್ ಕಿಟಕಿ ತೆರೆಯುತ್ತದೆ. ಡಿಸ್ಕ್‌ಪಾರ್ಟ್ ಓಡಿಸಿ ಡಿಸ್ಕ್‌ಗಳ ಪಟ್ಟಿ ನೋಡಿ. ಹಾರ್ಡ್ ಡಿಸ್ಕ್ ಅಲ್ಲಿ ಇಲ್ಲದಿದ್ದರೆ ಪೆನ್‌ಡ್ರೈವ್‌ನಲ್ಲಿ ಡ್ರೈವರ್ ಇಟ್ಟುಕೊಂಡು ಡಿಆರ್‌ವಿಲೋಡ್ ಕಮಾಂಡ್‌ನಿಂದ ಅಲ್ಲೇ ಲೋಡ್ ಮಾಡಿ ನೋಡಿ. ಆಮೇಲೆ ಹಾರ್ಡ್ ಡಿಸ್ಕ್ ಕಾಣಿಸಿದರೆ ಯಾವ ಡ್ರೈವರ್ ಸೇರಿಸಬೇಕು ಅನ್ನೋದು ಖಚಿತ.

‘ಕಂಪ್ಯೂಟರ್‌ಗೆ ಬೇಕಾದ ಮೀಡಿಯಾ ಡ್ರೈವರ್ ಇಲ್ಲ’ ಅನ್ನುವ ಸಂದೇಶವನ್ನು ಮಾತ್ರ ಹಾಗೇ ನಂಬಬೇಡಿ. ಬಹಳ ಸಲ ಅದರ ಅರ್ಥ ಸೆಟಪ್‌ಗೆ ಡಿಸ್ಕ್ ಓದಲು ಆಗುತ್ತಿಲ್ಲ ಅಂತ ಮಾತ್ರ. ಡ್ರೈವರ್ ಬೇಟೆಗೆ ಹೊರಡುವ ಮುಂಚೆ ಮೇಲೆ ಹೇಳಿದ ಹ್ಯಾಶ್ ಪರೀಕ್ಷೆ ಮಾಡಿ. ವಿಂಡೋಸ್ 7 ಆದರೆ ಇನ್ನೊಂದು ಸಾಧ್ಯತೆ ಇದೆ. ಅದರಲ್ಲಿ ಯುಎಸ್‌ಬಿ 3.0 ಡ್ರೈವರ್ ಇಲ್ಲ. ಹಾಗಾಗಿ ಯುಎಸ್‌ಬಿ 3.0 ಪೋರ್ಟ್‌ನಲ್ಲಿರುವ ಡಿವಿಡಿ ಡ್ರೈವ್, ಕೀಬೋರ್ಡ್, ಮೌಸ್ ಎಲ್ಲ ಸೆಟಪ್ ಶುರುವಾದ ಕೂಡಲೇ ಸತ್ತಂತೆ ಆಗುತ್ತವೆ.

ಫೈಲ್ ಕಾಪಿ ಆಗುವಾಗ ನಿಂತರೆ ಶೇಕಡಾವಾರು ನೋಡಿ. ಪ್ರತಿ ಸಲ ಅದೇ ಶೇಕಡಾದಲ್ಲಿ ನಿಂತರೆ, ಬೇರೆ ಡಿಸ್ಕ್‌ಗೆ ಬರ್ನ್ ಮಾಡಿದರೂ ಅಲ್ಲೇ ನಿಂತರೆ, ಇಮೇಜ್ ಒಳಗಿನ ಫೈಲ್ ಕೆಟ್ಟಿದೆ. ಡಿಸ್ಕ್ ಬದಲಾಯಿಸಿದಾಗ ಜಾಗ ಬದಲಾದರೆ ಬರ್ನ್ ಕೆಟ್ಟಿದೆ. ಒಂದೇ ಡಿಸ್ಕ್‌ನಲ್ಲೂ ಒಮ್ಮೆ 12ರಲ್ಲಿ, ಒಮ್ಮೆ 70ರಲ್ಲಿ ನಿಂತರೆ ರ‍್ಯಾಮ್, ಕೇಬಲ್ ಅಥವಾ ಡ್ರೈವ್ ಮೇಲೆ ಅನುಮಾನ ಪಡಿ. ದೋಷದ ಸಂಖ್ಯೆಯೂ ಸುಳಿವು ಕೊಡುತ್ತದೆ. 80070570 ಅಂದರೆ ಫೈಲ್ ಕೆಟ್ಟಿದೆ ಅಥವಾ ಓದಲಾಗುತ್ತಿಲ್ಲ, 80070017 ಅಂದರೆ ಸಿಆರ್‌ಸಿ ತಪ್ಪು, ಅಂದರೆ ಓದಿದ ಡೇಟಾ ಹೊಂದುತ್ತಿಲ್ಲ.

ಸಂದೇಶಕ್ಕಿಂತ ಲಾಗ್ ಫೈಲ್ ಜಾಸ್ತಿ ಮಾತಾಡುತ್ತದೆ. ಅದೇ ಕಮಾಂಡ್ ಕಿಟಕಿಯಲ್ಲಿ ಎಕ್ಸ್ ಡ್ರೈವ್‌ನ ವಿಂಡೋಸ್ ಫೋಲ್ಡರ್, ಅದರೊಳಗೆ ಪ್ಯಾಂಥರ್ ಫೋಲ್ಡರ್. ಅಲ್ಲಿ ಸೆಟಪ್‌ಎಸಿಟಿ ಮತ್ತು ಸೆಟಪ್‌ಇಆರ್‌ಆರ್ ಎಂಬ ಲಾಗ್‌ಗಳಿವೆ. ಕೊನೆಯಿಂದ ಮೇಲಕ್ಕೆ ಓದಿ. ಎಕ್ಸ್ ಡ್ರೈವ್ ಮೆಮೊರಿಯಲ್ಲಿ ಮಾತ್ರ ಇರುವುದರಿಂದ ರೀಸ್ಟಾರ್ಟ್ ಮಾಡಿದರೆ ಅದು ಮಾಯ. ಮೊದಲೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ.

ಉತ್ತರ ಫೈಲ್, ಅಂದರೆ ಪ್ರಶ್ನೆ ಕೇಳದೆ ಇನ್‌ಸ್ಟಾಲ್ ಆಗಲು ಇಡುವ ಆಟೋಅನಟೆಂಡ್, ಇದ್ದರೆ ಅದರ ಹೆಸರು ಬದಲಾಯಿಸಿ ಸೆಟಪ್ ಓಡಿಸಿ. ಈಗ ದಾಟಿದರೆ ತಪ್ಪು ಅಲ್ಲೇ. 64 ಬಿಟ್ ವಿಂಡೋಸ್‌ಗೆ ಇಂಟೆಲ್ ಪ್ರೊಸೆಸರ್ ಇದ್ದರೂ ಆರ್ಕಿಟೆಕ್ಚರ್ ಜಾಗದಲ್ಲಿ ‘ಎಎಂಡಿ64’ ಅಂತಲೇ ಇರಬೇಕು. ಪ್ರಾಡಕ್ಟ್ ಕೀ ಒಂದು ಎಡಿಷನ್‌ದು, ಇಮೇಜ್ ಇನ್ನೊಂದರದು ಆದರೂ ನಿಲ್ಲುತ್ತದೆ. ಡಿಸ್ಕ್ ಅಳಿಸುವ ಸಾಲು ಆ ಫೈಲ್‌ನಲ್ಲಿದ್ದರೆ ಪರೀಕ್ಷೆ ಮಾಡುವಾಗ ಡೇಟಾ ಇರುವ ಹಾರ್ಡ್ ಡಿಸ್ಕ್‌ಗಳನ್ನು ಕಳಚಿಡಿ. ಅದು ಒಂದು ಮಾತೂ ಕೇಳದೆ ಅಳಿಸಿಬಿಡುತ್ತದೆ.

ಡಿಸ್ಕ್ ಬೇಡ ಅಂತ ಪೆನ್‌ಡ್ರೈವ್‌ಗೆ ಹೋದರೆ ಎಫ್‌ಎಟಿ32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ವಿಂಡೋಸ್ ಇಮೇಜ್ ತಿದ್ದುವ ಡಿಸ್ಮ್ ಕಮಾಂಡ್‌ನಿಂದ ಇನ್‌ಸ್ಟಾಲ್.ವಿಮ್ ಅನ್ನು ಎಸ್‌ಡಬ್ಲ್ಯೂಎಂ ತುಂಡುಗಳಾಗಿ ಮಾಡಿದರೆ ಸೆಟಪ್ ಅದನ್ನು ಒಪ್ಪಿಕೊಳ್ಳುತ್ತದೆ.

ಬದಲಾವಣೆಯಲ್ಲೇ ತಪ್ಪಿದೆ ಅಂತ ಖಚಿತವಾದಾಗ

ಬದಲಾವಣೆಗಳ ಪಟ್ಟಿಯನ್ನು ಎರಡು ಭಾಗ ಮಾಡಿ. ಮೂಲ ಇಮೇಜ್‌ಗೆ ಅರ್ಧ ಮಾತ್ರ ಹಾಕಿ, ವರ್ಚುವಲ್ ಮಷೀನ್‌ನಲ್ಲಿ ನೋಡಿ. ಬಿದ್ದರೆ ತಪ್ಪು ಈ ಅರ್ಧದಲ್ಲಿ, ಇಲ್ಲದಿದ್ದರೆ ಇನ್ನರ್ಧದಲ್ಲಿ. ಮತ್ತೆ ಅರ್ಧ ಮಾಡಿ. 32 ಬದಲಾವಣೆ ಇದ್ದರೂ ಐದೇ ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತೀರಿ. ಎರಡೂ ಅರ್ಧ ಬೇರೆ ಬೇರೆಯಾಗಿ ಪಾಸಾಗಿ, ಸೇರಿದಾಗ ಮಾತ್ರ ಬಿದ್ದರೆ ಎರಡು ಬದಲಾವಣೆಗಳ ನಡುವೆ ಜಗಳ ಇದೆ. ಒಂದು ಅರ್ಧವನ್ನು ಹಾಗೇ ಇಟ್ಟು ಇನ್ನೊಂದನ್ನು ಒಡೆಯುತ್ತಾ ಹೋಗಿ.

ಪ್ರತಿ ಸುತ್ತಿಗೂ ಮೂಲದಿಂದಲೇ ಶುರು ಮಾಡಿ, ಕೆಟ್ಟ ಇಮೇಜ್‌ಗೆ ತೇಪೆ ಹಾಕಬೇಡಿ. ತೆಗೆದ ಕಾಂಪೊನೆಂಟ್ ಮತ್ತೆ ಸೇರಿಸಿದರೆ ಮೊದಲಿನ ಸ್ಥಿತಿ ಬಂದೇ ಬರುತ್ತದೆ ಅಂತ ಭರವಸೆ ಇಲ್ಲ. ನನ್ನ ಪ್ರಕಾರ ಮೊದಲು ಅನುಮಾನಿಸಬೇಕಾದ್ದು ಸೇರಿಸಿದ್ದನ್ನಲ್ಲ, ತೆಗೆದದ್ದನ್ನು. ಕೆಲವು ಜಿಬಿ ಉಳಿಸಲು ತೆಗೆದ ಒಂದು ಸಣ್ಣ ಭಾಗದ ಮೇಲೆ ಬೇರೆ ಹತ್ತು ಭಾಗ ನಿಂತಿರುತ್ತವೆ, ಮತ್ತು ಆ ತೊಂದರೆ ಎಷ್ಟೋ ಸಲ ಮೊದಲ ಬೂಟ್ ಆದಮೇಲೆ, ಅಪ್‌ಡೇಟ್ ಹಾಕುವಾಗ ಹೊರಗೆ ಬರುತ್ತದೆ.

ಡಿಸ್ಮ್ ಬಳಸುವವರು ಇನ್ನೊಂದು ನೋಡಿ. ಮೌಂಟ್ ಮಾಡಿದ (ತಿದ್ದಲು ಫೋಲ್ಡರ್ ಆಗಿ ತೆರೆದ) ಇಮೇಜನ್ನು ಕಳಚುವಾಗ ಕಮಿಟ್ ಕೊಡದಿದ್ದರೆ ನಿಮ್ಮ ಬದಲಾವಣೆ ಯಾವುದೂ ಉಳಿಯುವುದಿಲ್ಲ. ಮೌಂಟ್ ಆದ ಫೋಲ್ಡರ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆದೇ ಇದ್ದರೆ ಕಳಚುವ ಕೆಲಸ ಅರ್ಧಕ್ಕೆ ನಿಲ್ಲಬಹುದು. ಹಾಗೆ ಸಿಕ್ಕಿಕೊಂಡರೆ ಕ್ಲೀನಪ್ ಮೌಂಟ್‌ಪಾಯಿಂಟ್ಸ್ ಆಯ್ಕೆ ಕೊಟ್ಟು ಚೊಕ್ಕ ಮಾಡಿ, ಮೂಲ ವಿಮ್ ಫೈಲನ್ನು ಐಎಸ್‌ಒದಿಂದ ಹೊಸದಾಗಿ ಕಾಪಿ ಮಾಡಿಕೊಂಡು ಮುಂದುವರಿಯಿರಿ. ಬೂಟ್.ವಿಮ್ ಮತ್ತು ಇನ್‌ಸ್ಟಾಲ್.ವಿಮ್ ಎರಡನ್ನೂ ಒಂದೇ ಐಎಸ್‌ಒದಿಂದ ತೆಗೆದುಕೊಳ್ಳಿ. ಒಂದು ಬಿಲ್ಡ್‌ನ ಸೆಟಪ್‌ಗೆ ಇನ್ನೊಂದು ಬಿಲ್ಡ್‌ನ ಇಮೇಜ್ ಕೊಟ್ಟರೆ ಮತ್ತೆ ಇಂಥದ್ದೇ ಹೊಸ ದೋಷ ಹುಟ್ಟಬಹುದು.